ಡಲ್ಲಾಸ್ ಪ್ರಾಸಿಕ್ಯೂಟರ್ ಬಗ್ಗೆ ನೀವು ಕಳಿಸಿದ ಲೇಖನ: ಒಂದಷ್ಟು ನೇರ ಮಾತು

ನಮಸ್ಕಾರ,

ಕ್ರೇಗ್ ವಾಟ್ಕಿನ್ಸ್ ಬಗ್ಗೆ ನೀವು ಬರೆದಿದ್ದನ್ನ ಎರಡು ಸಲ ಓದ್ದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ವೋಟು ಪಡೆದು ಡಿಸ್ಟ್ರಿಕ್ಟ್ ಅಟಾರ್ನಿ, ಅಂದ್ರೆ ಮುಖ್ಯ ಸರ್ಕಾರಿ ಪ್ರಾಸಿಕ್ಯೂಟರ್, ಆದ ಮೊದಲ ಕಪ್ಪು ಮನುಷ್ಯ, ಎಂಟು ವರ್ಷ ಡಲ್ಲಾಸ್ ಕೌಂಟಿಲಿ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸೋದು ಇವರ ಕೈಲಿತ್ತು, ಇದು ಕನ್ನಡದಲ್ಲಿ ಬರಲೇಬೇಕಾದ ಕಥೆ. ಆದ್ರೆ ಈಗಿರೋ ಹಾಗೆ ಹಾಕೋಕೆ ಆಗಲ್ಲ, ಯಾಕೆ ಅಂತ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

1967ರಲ್ಲಿ ಹುಟ್ಟಿದರು, ಲಾ ಓದಿದರು, 2002ರಲ್ಲಿ ಸೋತರು, 2006ರಲ್ಲಿ ಗೆದ್ದರು, 2010ರಲ್ಲಿ ಮತ್ತೆ ಗೆದ್ದರು, ಹೀಗೆ ಬಯೋಡೇಟಾ ಥರ ಹೋಗ್ತಾ ಇದೆ. ಹೆಡ್ಡಿಂಗು ಬೇರೆ ‘ನ್ಯಾಯದ ನಂದಾದೀಪ’. ನಮ್ಮ ಓದುಗರು ಮೊದಲು ಎಡವೋದೇ ‘ಗೆದ್ದರು’ ಅನ್ನೋ ಪದಕ್ಕೆ. ಪ್ರಾಸಿಕ್ಯೂಟರ್ ಎಲೆಕ್ಷನ್ನಿಗೆ ನಿಲ್ಲೋದು ಹೇಗೆ? ನಾನು ಕೋರ್ಟ್ ವರದಿ ಮಾಡ್ತಿದ್ದ ಕಾಲದಲ್ಲಿ ದಿನಾ ನೋಡ್ತಿದ್ದೆ, ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕಿ) ಮೇಡಂ ಕಾರಿಡಾರಿನ ಕಿಟಕಿ ಹತ್ರ ನಿಂತು, ಕೆಂಪು ದಾರ ಬಿಚ್ಚಿ, ಊರಿಂದ ಬಸ್ಸಲ್ಲಿ ಬಂದ ಸಾಕ್ಷಿಗೆ ಅವನದೇ ಹೇಳಿಕೆ ಓದಿ ಹೇಳ್ತಿದ್ರು, ಅಷ್ಟರಲ್ಲಿ ಒಳಗಿಂದ ಕೇಸ್ ನಂಬರ್ ಕೂಗ್ತಿದ್ರು. ನಮ್ಮ ಜನಕ್ಕೆ ಗೊತ್ತಿರೋ ಪಿಪಿ ಅಂದ್ರೆ ಅವರು, ಪರೀಕ್ಷೆ ಬರೆದೋ ಸರ್ಕಾರ ನೇಮಿಸಿಯೋ ಬಂದವರು. ಡಲ್ಲಾಸ್‌ನಲ್ಲಿ ಹಾಗಲ್ಲ, ನಾಲ್ಕು ವರ್ಷಕ್ಕೊಮ್ಮೆ ಪಾರ್ಟಿ ಟಿಕೆಟ್ ಮೇಲೆ ನಿಂತು ಗೆಲ್ಲಬೇಕು, ಯಾವ ಕೇಸ್ ನಡೆಸಬೇಕು, ಯಾವುದಕ್ಕೆ ಮರಣದಂಡನೆ ಕೇಳಬೇಕು ಅಂತ ತೀರ್ಮಾನಿಸೋದೂ ಅವರೇ. ಇದನ್ನ ಎರಡನೇ ಪ್ಯಾರಾದಲ್ಲೇ ಹೇಳಿಬಿಡಿ. ‘ಜಿಲ್ಲಾ ವಕೀಲರು’ ಅಂತ ಅನುವಾದ ಮಾಡಿದ್ದೀರಲ್ಲ, ಅದು ಬೇಡ, ಡಿಸ್ಟ್ರಿಕ್ಟ್ ಅಟಾರ್ನಿ ಅಂತಲೇ ಇರಲಿ.

ಇನ್ನು ವಾಟ್ಕಿನ್ಸ್‌ಗಿಂತ ಮುಂಚೆ ಡಲ್ಲಾಸ್ ಡಿಸ್ಟ್ರಿಕ್ಟ್ ಅಟಾರ್ನಿ ಆಗಿದ್ದ ಹೆನ್ರಿ ವೇಡ್. ಅವರಿಗೆ ಒಂದೇ ಸಾಲು ಕೊಟ್ಟಿದ್ದೀರಿ, ಇದು ದೊಡ್ಡ ತಪ್ಪು. 1951ರಿಂದ 36 ವರ್ಷ ಅದೇ ಕುರ್ಚಿಲಿದ್ದ ಮನುಷ್ಯ, ಕೆನಡಿ ಹಂತಕ ಆಸ್ವಾಲ್ಡ್‌ನ ಗುಂಡಿಟ್ಟು ಕೊಂದ ಜ್ಯಾಕ್ ರೂಬಿ ಮೇಲೆ ಕೇಸ್ ನಡೆಸಿದವರು, ಗರ್ಭಪಾತದ ಹಕ್ಕಿನ ಬಗ್ಗೆ ಬಂದ ‘ರೋ ವರ್ಸಸ್ ವೇಡ್’ ತೀರ್ಪಿನ ವೇಡ್ ಕೂಡ ಇವರೇ. ಎಷ್ಟು ಜನಕ್ಕೆ ಶಿಕ್ಷೆ ಕೊಡಿಸಿದೆ ಅನ್ನೋ ಲೆಕ್ಕದ ಮೇಲೇ ಆ ಆಫೀಸಿಗೆ ಹೆಸರು ಬಂದಿತ್ತು, ಹಂಗಾಗಿಯೇ ವೋಟೂ ಬೀಳ್ತಿತ್ತು. ವಾಟ್ಕಿನ್ಸ್ ಲಾ ಮುಗಿಸಿ ಪ್ರಾಸಿಕ್ಯೂಟರ್ ಕೆಲಸ ಕೇಳ್ಕೊಂಡು ಹೋದಾಗ ಕೆಲಸ ಕೊಡದೆ ಕಳಿಸಿದ್ದೂ ಇದೇ ಆಫೀಸು, 39ನೇ ವಯಸ್ಸಿಗೆ ಅದಕ್ಕೇ ಯಜಮಾನ ಆಗಿ ಬಂದ್ರು. ಬಂದ ಮೇಲೆ ಹಳೇ ಪ್ರಾಸಿಕ್ಯೂಟರ್‌ಗಳಲ್ಲಿ ಹಲವರು ಬಿಟ್ಟು ಹೋದ್ರು, ಕೆಲವರನ್ನ ಇವರೇ ತೆಗೆದ್ರು. 2007ರಲ್ಲಿ ತಮ್ಮದೇ ಆಫೀಸಿನ ಹಳೇ ಗೆಲುವುಗಳನ್ನ ಮತ್ತೆ ಪರೀಕ್ಷೆ ಮಾಡೋಕೆ ಅಂತ ಕನ್ವಿಕ್ಷನ್ ಇಂಟೆಗ್ರಿಟಿ ಯೂನಿಟ್ ಶುರು ಮಾಡಿದ್ರು, ಡಿಎನ್ಎ ಪರೀಕ್ಷೆ ಮಾಡಿ ಅಂತ ಕೈದಿಗಳು ಬರೆದಿದ್ದ ನಾನೂರಕ್ಕೂ ಹೆಚ್ಚು ಹಳೇ ಅರ್ಜಿಗಳನ್ನ ಲಾ ಸ್ಟೂಡೆಂಟ್ಸ್ ಕೂತು ಓದಿದ್ರು. ಜೈಲಿಗೆ ಕಳಿಸೋದೇ ಕೆಲಸ ಆಗಿರೋ ಆಫೀಸು ‘ನಾವು ತಪ್ಪು ಮಾಡಿದ್ವಾ ನೋಡೋಣ’ ಅಂದಿದ್ದು ಅಲ್ಲಿ ಕೇಳರಿಯದ ಮಾತು.

ನಿರಪರಾಧಿಗಳಿಗೆ ಶಿಕ್ಷೆ ಆಗಿದ್ದ ಕೇಸ್ ಡಲ್ಲಾಸ್‌ನಲ್ಲೇ ಯಾಕೆ ಇಷ್ಟೊಂದು ಹೊರಬಿತ್ತು ಅಂತ ನೀವು ಕೇಳಿಕೊಂಡೇ ಇಲ್ಲ. ಅಲ್ಲಿನ ಲ್ಯಾಬ್ ರಕ್ತ, ಬಟ್ಟೆ ಚೂರು, ಸ್ಲೈಡು ಇವನ್ನೆಲ್ಲ ಎಸೆಯದೆ ವರ್ಷಾನುಗಟ್ಟಲೆ ಇಟ್ಟಿತ್ತು, ಬೇರೆ ಕಡೆ ಕೇಸ್ ಮುಗಿದ ಮೇಲೆ ಬಿಸಾಕಿಬಿಡ್ತಿದ್ರು. ಅಷ್ಟೇ ಕಾರಣ ಅಲ್ಲ, ಆದ್ರೆ ಅದಿಲ್ಲದಿದ್ರೆ ವಾಟ್ಕಿನ್ಸ್ ಎಷ್ಟೇ ಒಳ್ಳೇ ಮನಸ್ಸಿನವರಾಗಿದ್ರೂ ಕೈ ಕಟ್ಟಿ ಹಾಕಿದಂಗೆ ಆಗ್ತಿತ್ತು. ಈ ಒಂದು ವಿಷಯ ನಿಮ್ಮ ಎರಡು ಪುಟದ ಹೊಗಳಿಕೆಗಿಂತ ತೂಕದ್ದು.

ಲೇಖನ ಎಲ್ಲಿಂದ ಶುರು ಮಾಡ್ಬೇಕು ಅಂದ್ರೆ, ಜೇಮ್ಸ್ ವುಡಾರ್ಡ್ ಇಂದ. ನಿಮ್ಮ ಆರನೇ ಪುಟದಲ್ಲಿ ಬರೀ ಹೆಸರಾಗಿ ಬಂದು ಹೋಗಿದ್ದಾರೆ. ಗೆಳತಿಯ ಕೊಲೆ ಅಂತ 1981ರಲ್ಲಿ ಶಿಕ್ಷೆ ಆಯ್ತು, ಡಿಎನ್ಎ ಪರೀಕ್ಷೆ ಆಗಿ 2008ರಲ್ಲಿ ಹೊರಬಂದ್ರು, 27 ವರ್ಷ. ಮಧ್ಯೆ ಪೆರೋಲ್ ವಿಚಾರಣೆಗೆ ಹೋಗೋದನ್ನೇ ನಿಲ್ಲಿಸಿಬಿಟ್ಟಿದ್ರು, ಯಾಕಂದ್ರೆ ಅಲ್ಲಿ ಹೊರಗೆ ಬರ್ಬೇಕಂದ್ರೆ ‘ಹೌದು ನಾನೇ ಕೊಂದೆ’ ಅಂತ ಒಪ್ಕೋಬೇಕಿತ್ತು. ಒಪ್ಕೊಂಡಿದ್ರೆ ಮನೆಗೆ ಹೋಗ್ಬಹುದಿತ್ತೇನೋ, ಒಪ್ಪಲಿಲ್ಲ. ಇದನ್ನ ಓದಿದಾಗೆಲ್ಲ ನನಗೆ ಸ್ವಲ್ಪ ಹೊತ್ತು ಏನೂ ಮಾಡೋಕೆ ಆಗಲ್ಲ. ಅಂಥವರ ಮುಂದೆ ವಾಟ್ಕಿನ್ಸ್‌ನ ತಂದು ನಿಲ್ಲಿಸಿ, ಆಗ ಅವರು ಏನು ಮಾಡಿದ್ರು ಅಂತ ಓದುಗರಿಗೆ ತಾನಾಗೇ ಗೊತ್ತಾಗುತ್ತೆ, ‘ಮಹಾನ್’, ‘ಅಪ್ರತಿಮ’ ಇವೆಲ್ಲ ಬೇಕಾಗಲ್ಲ.

ಇನ್ನೊಂದು ಗಟ್ಟಿಯಾಗೇ ಹೇಳ್ತೀನಿ. 2014ರ ಸೋಲನ್ನ ‘ರಾಜಕೀಯ ಕಾರಣಗಳಿಂದ’ ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ. 2013ರಲ್ಲಿ ಅವರು ಕೌಂಟಿಯ ಗಾಡಿ ಓಡಿಸ್ತಾ ಮುಂದಿನ ಗಾಡಿಗೆ ಗುದ್ದಿದ್ದು, ಅದರ ರಾಜಿಗೆ ಅಪರಾಧಿಗಳಿಂದ ಜಪ್ತಿ ಮಾಡಿದ ಫಂಡಿಂದ ದುಡ್ಡು ಕೊಟ್ಟಿದ್ದು, ಆಮೇಲೆ ಅದು ದೊಡ್ಡ ಸುದ್ದಿ ಆಗಿದ್ದು, ಇದ್ಯಾವುದೂ ನಿಮ್ಮ ಲೇಖನದಲ್ಲಿಲ್ಲ. 2014ರ ಎಲೆಕ್ಷನ್ನಲ್ಲಿ ರಿಪಬ್ಲಿಕನ್ ಪಾರ್ಟಿಯ ಸೂಸನ್ ಹಾಕ್ ಎದುರು ಸ್ವಲ್ಪದರಲ್ಲೇ ಸೋತ್ರು. ಮರಣದಂಡನೆ ವಿಷಯನೂ ಹಾಗೇ ಬಿಟ್ಟಿದ್ದೀರಿ, ಅವರಿಗೆ ವೈಯಕ್ತಿಕವಾಗಿ ಅದು ಒಪ್ಪಿಗೆ ಇರಲಿಲ್ಲ, ಅವರ ಮುತ್ತಜ್ಜನಿಗೆ ಟೆಕ್ಸಾಸ್ ಸರ್ಕಾರವೇ ಆ ಶಿಕ್ಷೆ ಕೊಟ್ಟಿತ್ತು, ಆದ್ರೂ ಅವರ ಆಫೀಸು ಅದನ್ನ ಕೇಳ್ತಾನೇ ಇತ್ತು. ನಿಮಗೆ ಅವರ ಮೇಲೆ ಪ್ರೀತಿ ಇದೆ, ನನಗೂ ಇದೆ, ಅದಕ್ಕೇ ಹೇಳ್ತಿರೋದು, ಇವನ್ನೆಲ್ಲ ಮುಚ್ಚಿಟ್ಟರೆ ಓದುಗರು ಮೂವತ್ತಕ್ಕೂ ಹೆಚ್ಚು ಜನ ನಿರಪರಾಧಿಗಳು ಬಿಡುಗಡೆ ಆದ್ರು ಅನ್ನೋ ಮಾತನ್ನೂ ಅನುಮಾನದಿಂದ ನೋಡ್ತಾರೆ.

ವಾಟ್ಕಿನ್ಸ್ 2023ರ ಡಿಸೆಂಬರ್‌ನಲ್ಲಿ 56ನೇ ವಯಸ್ಸಿಗೆ ತೀರ್ಕೊಂಡ್ರು, ನಿಮ್ಮ ಲೇಖನದಲ್ಲಿ ಇನ್ನೂ ಬದುಕಿದ್ದಾರೆ ಅನ್ನೋ ಹಾಗಿದೆ, ಸರಿ ಮಾಡಿ. ಬಾಲ್ಯದ ಪ್ಯಾರಾ ಅರ್ಧಕ್ಕೆ ಇಳಿಸಿ, ವೇಡ್‌ಗೆ ಜಾಗ ಕೊಡಿ, ವುಡಾರ್ಡ್ ಮೊದಲು ಬರಲಿ. ಹತ್ತು ಪುಟ ಬೇಡ, ಆರು ಸಾಕು. ತಿಂಗಳೊಳಗೆ ಕಳಿಸಿದ್ರೆ ನಾನೇ ಕೂತು ನಿಮ್ಮ ಜೊತೆ ಸಾಲು ಸಾಲು ತಿದ್ತೀನಿ.