ಸಿರಿಜಾ ಸೋತದ್ದು ಯಾವಾಗ?

ದಾವಣಗೆರೆಯ ಓದುಗರೊಬ್ಬರು ಬರೆದ ಉದ್ದನೆಯ ಪತ್ರದ ಸಾರ ಇಷ್ಟು: 'ಗ್ರೀಸಿನ ಎಡಪಕ್ಷ ಸಿರಿಜಾ ನೆಲಕಚ್ಚಿದ್ದಕ್ಕೆ ಕಾರಣ ಒಂದೇ. 2015ರ ಜುಲೈ 5ರಂದು ಜನ ಯುರೋಪ್ ಕೊಡುವ ಸಾಲದ ಷರತ್ತುಗಳನ್ನು ಒಪ್ಪುವುದಿಲ್ಲವೆಂದು ಮತ ಹಾಕಿದರು. ಎಂಟೇ ದಿನದಲ್ಲಿ ಸಿರಿಜಾದ ಪ್ರಧಾನಿ ಸಿಪ್ರಾಸ್ ಅದಕ್ಕಿಂತ ಕಠಿಣ ಷರತ್ತುಗಳಿಗೆ ತಲೆಬಾಗಿದರು. ಜನ ಇದನ್ನು ಮರೆಯಲಿಲ್ಲ. ನಿಮ್ಮ ಪತ್ರಿಕೆ ಇಷ್ಟು ನೇರವಾದ ಮಾತನ್ನು ಸುತ್ತಿ ಬಳಸಿ ಹೇಳುವುದೇಕೆ?'

ಮಾನ್ಯರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಬ್ಯಾಂಕುಗಳು ಮುಚ್ಚಿದ್ದವು, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿತ್ತು. ಅಂಥ ಹೊತ್ತಿನಲ್ಲೂ ಶೇ. 61ರಷ್ಟು ಮತದಾರರು 'ಇಲ್ಲ' ಎಂದರು. ಅವರ ಬೆನ್ನ ಹಿಂದೆಯೇ ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ ಕೂತು ಮಾಡಿಕೊಂಡ ಒಪ್ಪಂದವನ್ನು ಶರಣಾಗತಿ ಎನ್ನದೆ ಬೇರೆ ದಾರಿಯಿಲ್ಲ. ಇಲ್ಲಿಯವರೆಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪಕ್ಷ ಅದರಿಂದಲೇ ಸತ್ತಿತು ಎನ್ನುವಲ್ಲಿ ಮಾತ್ರ ನಾನು ನಿಲ್ಲುತ್ತೇನೆ, ಏಕೆಂದರೆ ಮತಗಳ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

2015ರ ಜನವರಿಯಲ್ಲಿ ಸಿರಿಜಾ ಗೆದ್ದಾಗ ಬಂದ ಮತ ಸುಮಾರು 22.5 ಲಕ್ಷ. ಶರಣಾಗತಿಯ ನಂತರ ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ ನಡೆದಾಗ 19.3 ಲಕ್ಷ. ಆಗಲೂ ಗೆದ್ದದ್ದು ಸಿರಿಜಾವೇ. ನಾಲ್ಕು ವರ್ಷ ಅದೇ ಷರತ್ತುಗಳಡಿ ಆಳಿ 2019ರಲ್ಲಿ ಅಧಿಕಾರ ಕಳೆದುಕೊಂಡಾಗ 17.8 ಲಕ್ಷ. ವಿರೋಧ ಪಕ್ಷದಲ್ಲಿ ಕೂತು ಮುಂದಿನ ನಾಲ್ಕು ವರ್ಷ ಕಳೆದ ಮೇಲೆ, 2023ರ ಜೂನ್‌ನಲ್ಲಿ, 9.3 ಲಕ್ಷ. ಅಂದರೆ 'ದ್ರೋಹ' ಮಾಡಿ ಆಳಿದಾಗ ಹೋದದ್ದಕ್ಕಿಂತ ಬಹಳ ಹೆಚ್ಚು ಮತಗಳು, ಯಾವ ದ್ರೋಹಕ್ಕೂ ಅವಕಾಶವಿಲ್ಲದ ವಿರೋಧ ಪಕ್ಷದ ಬೆಂಚಿನಲ್ಲಿ ಕೂತಾಗ ಹೋದವು.

ಎಡದಿಂದ ನೊಂದವರು ಇನ್ನೂ ಎಡಕ್ಕೆ ಹೋಗಬೇಕಿತ್ತಲ್ಲವೇ? 2015ರ ಆಗಸ್ಟ್‌ನಲ್ಲಿ ಸಿರಿಜಾದಿಂದ ಸಿಡಿದ 25 ಸಂಸದರು 'ಜನಪ್ರಿಯ ಏಕತೆ' ಎಂಬ ಪಕ್ಷ ಕಟ್ಟಿದರು. ಶೇ. 3ರ ಮಿತಿ ದಾಟಲಾಗದೆ ಸಂಸತ್ತಿನ ಹೊರಗೇ ಉಳಿದರು. ಶರಣಾಗತಿಗೆ ಮುನ್ನ ಹಣಕಾಸು ಖಾತೆ ಬಿಟ್ಟು ಹೊರಬಂದ ಯಾನಿಸ್ ವರೂಫಾಕಿಸ್ ಅವರ ಪಕ್ಷಕ್ಕೆ 2019ರಲ್ಲಿ ಒಂಬತ್ತು ಸ್ಥಾನ ಸಿಕ್ಕವು, 2023ರಲ್ಲಿ ಅವೂ ಹೋದವು. ಕಮ್ಯುನಿಸ್ಟ್ ಪಕ್ಷ ಶೇ. 5ರಿಂದ 7ರ ಆಸುಪಾಸಿಗೆ ಏರಿದ್ದು ನಿಜ. ಅಷ್ಟರಿಂದ 2019ರ ನಂತರ ಹೋದ ಎಂಟೂವರೆ ಲಕ್ಷದ ಲೆಕ್ಕ ಮುಗಿಯುವುದಿಲ್ಲ. ನಿಮ್ಮ ವಾದಕ್ಕೆ ಸಿಗಬಹುದಾದ ಗಟ್ಟಿ ಆಧಾರವೆಂದರೆ ಮತಗಟ್ಟೆಗೇ ಬಾರದವರು: ಜನವರಿಯಲ್ಲಿ ಶೇ. 63ರ ಮೇಲಿದ್ದ ಮತದಾನ ಸೆಪ್ಟೆಂಬರಿನಲ್ಲಿ 57ಕ್ಕೂ ಕೆಳಗೆ ಇಳಿಯಿತು. ಅದನ್ನು ಒಪ್ಪುತ್ತೇನೆ.

ಹಾಗಾದರೆ ಸೋತದ್ದು ಹೇಗೆ? ಗೆದ್ದದ್ದು ಹೇಗೆಂದು ಮೊದಲು ನೋಡಬೇಕು. 2004ರಲ್ಲಿ ಹಲವು ಸಣ್ಣ ಎಡ ಗುಂಪುಗಳು ಸೇರಿ ಕಟ್ಟಿದ ಒಕ್ಕೂಟ ಸಿರಿಜಾ. 2009ರಲ್ಲಿ ಅದಕ್ಕಿದ್ದ ಮತ ಶೇ. 4.6. ಮರುವರ್ಷ ಸಮಾಜವಾದಿ ಪಾಸೊಕ್ ಸರ್ಕಾರ ಸಾಲಕ್ಕಾಗಿ ಯುರೋಪಿನ ಮುಂದೆ ಕೈಚಾಚಿತು. ಸಂಬಳ, ಪಿಂಚಣಿಗಳಿಗೆ ಕತ್ತರಿ ಬಿತ್ತು, ನಿರುದ್ಯೋಗ ಶೇ. 27ರವರೆಗೆ ಹೋಯಿತು. 2009ರಲ್ಲಿ ಶೇ. 44ರಷ್ಟು ಮತ ಪಡೆದಿದ್ದ ಪಾಸೊಕ್ 2012ರ ಮೇ ತಿಂಗಳಲ್ಲಿ 13ಕ್ಕೆ ಕುಸಿಯಿತು. ಮುಂದಿನ ತಿಂಗಳ ಮರುಚುನಾವಣೆಯಲ್ಲಿ ಸಿರಿಜಾ ಶೇ. 27 ಮುಟ್ಟಿತು. ತಲೆಮಾರುಗಳಿಂದ ಪಾಸೊಕ್‌ಗೆ ಹಾಕುತ್ತಿದ್ದ ಸರ್ಕಾರಿ ನೌಕರರು, ಪಿಂಚಣಿದಾರರು, ಸಣ್ಣ ಅಂಗಡಿಯವರು ಒಂದೇ ಏಟಿಗೆ ಈ ಮನೆಗೆ ಬಂದರು. ಬಂದವರಲ್ಲಿ ಬಹುಪಾಲು ಮಂದಿಗೆ ಬೇಕಿದ್ದದ್ದು ಕ್ರಾಂತಿಯಲ್ಲ, ಕಳೆದುಹೋದ ಸಂಬಳ.

ಆ ದಿನಗಳಲ್ಲಿ ಪಕ್ಷ ಬೀದಿಯಲ್ಲಿತ್ತು ಎಂಬುದನ್ನು ಮರೆಯಬಾರದು. ಹಣಕಾಸು ಸಚಿವಾಲಯ 595 ಮಂದಿ ಸಫಾಯಿ ಹೆಂಗಸರನ್ನು ಕೆಲಸದಿಂದ ತೆಗೆದಾಗ ಅವರು ಕೆಂಪು ರಬ್ಬರ್ ಕೈಗವಸು ತೊಟ್ಟು ಅಥೆನ್ಸಿನಲ್ಲಿ ಸಚಿವಾಲಯದ ಬಾಗಿಲಲ್ಲೇ ಧರಣಿ ಕೂತರು. ಸಿರಿಜಾ ಅವರ ಬೆನ್ನಿಗೆ ನಿಂತಿತು, ಅಧಿಕಾರಕ್ಕೆ ಬಂದ ಮೇಲೆ ಕೆಲಸವನ್ನೂ ಮರಳಿ ಕೊಟ್ಟಿತು. ಪಕ್ಷದ ಸಂಸದರು ತಮ್ಮ ಸಂಬಳದ ಒಂದು ಪಾಲನ್ನು ಊಟ, ಔಷಧ ಹಂಚುವ ಪರಸ್ಪರ ಸಹಾಯದ ಜಾಲಗಳಿಗೆ ಕೊಡುತ್ತಿದ್ದರು.

ಸರ್ಕಾರ ಸೇರಿದ ಮೇಲೆ ಅದೇ ಕಾರ್ಯಕರ್ತರು ಕಚೇರಿ ಹಿಡಿದರು, ಬೀದಿ ಖಾಲಿಯಾಯಿತು. ಸಾಲ ಕೊಟ್ಟವರು ಬಡ್ಡಿ ಬಿಟ್ಟು ಬಜೆಟ್ಟಿನಲ್ಲಿ ಉಳಿಸಿ ಎಂದು ಕೇಳಿದ ಮಿಗತೆ 2018ಕ್ಕೆ ರಾಷ್ಟ್ರೀಯ ಉತ್ಪನ್ನದ ಶೇ. 3.5. ಸಿರಿಜಾ ಸರ್ಕಾರ ಶೇ. 4ಕ್ಕೂ ಹೆಚ್ಚು ತೋರಿಸಿ ಶಹಬ್ಬಾಸ್ ಎನಿಸಿಕೊಂಡಿತು! ಆ ಹಣ ಬಂದದ್ದು ಮಧ್ಯಮ ವರ್ಗದ ಕಿಸೆಯಿಂದ. ಕಾರ್ಮಿಕ ಸಚಿವ ಕಟ್ರೂಗಲೊಸ್ ಅವರು 2016ರಲ್ಲಿ ತಂದ ಕಾನೂನಿನಂತೆ ಸ್ವಂತ ಉದ್ಯೋಗದ ವಕೀಲರು, ಎಂಜಿನಿಯರುಗಳು ಆದಾಯದ ಶೇ. 20ರಷ್ಟನ್ನು ಪಿಂಚಣಿ ವಂತಿಗೆಯಾಗಿ ಕಟ್ಟಬೇಕಾಯಿತು. ಆರೋಗ್ಯದ್ದು, ತೆರಿಗೆಯದು ಬೇರೆ. ಈ ಗಾಯ ಒಣಗುವ ಮುನ್ನವೇ, 2023ರ ಚುನಾವಣೆಗೆ ಕೆಲವೇ ದಿನ ಇರುವಾಗ, ಆ ವಂತಿಗೆ ಮತ್ತೆ ಬರಬಹುದೆಂದು ಇದೇ ಕಟ್ರೂಗಲೊಸ್ ಟಿವಿಯಲ್ಲಿ ಬಾಯಿಬಿಟ್ಟರು. ಪಕ್ಷ ಅವರನ್ನು ಕಣದಿಂದ ಹಿಂದೆ ಸರಿಸಿತು, ಆಗಬೇಕಾದ ನಷ್ಟ ಆಗಿಹೋಗಿತ್ತು.

ಆ ಚುನಾವಣೆಯ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಗ್ರೀಸಿನಲ್ಲಿ ಮೊದಲ ಸ್ಥಾನ ಬಂದ ಪಕ್ಷಕ್ಕೆ 50 ಸ್ಥಾನಗಳ ಬಹುಮಾನ ಸಿಗುತ್ತಿತ್ತು. 2015ರ ಜನವರಿಯಲ್ಲಿ 300ರಲ್ಲಿ 149 ಸ್ಥಾನ ಪಡೆಯಲು ಸಿರಿಜಾಗೂ ಅದೇ ನೆರವಾಗಿತ್ತು. 2016ರಲ್ಲಿ ಸಿರಿಜಾ ಅದನ್ನು ರದ್ದುಮಾಡಿ ಮತಕ್ಕೆ ತಕ್ಕಷ್ಟು ಸ್ಥಾನ ಎಂಬ ನಿಯಮ ತಂದಿತು. ಅದು ಮೊದಲು ಜಾರಿಯಾದದ್ದು 2023ರ ಮೇ 21ರಂದು. ತತ್ವ ನ್ಯಾಯವಾದದ್ದೇ. ಆದರೆ ಮೈತ್ರಿ ಸರ್ಕಾರವೇ ದಾರಿ ಎಂದು ಸಿಪ್ರಾಸ್ ಊರೂರು ಸಾರುತ್ತಿದ್ದಾಗ ಪಾಸೊಕ್, ಕಮ್ಯುನಿಸ್ಟ್, ವರೂಫಾಕಿಸ್ ಮೂವರಲ್ಲಿ ಯಾರೂ ಕೈಹಿಡಿಯಲು ಸಿದ್ಧರಿರಲಿಲ್ಲ. ಜೊತೆಗಾರರಿಲ್ಲದ ಮೈತ್ರಿಗೆ ಯಾರು ಮತ ಕೊಡುತ್ತಾರೆ? ಶೇ. 20 ಬಂತು, ಬಲಪಂಥೀಯ ನ್ಯೂ ಡೆಮಾಕ್ರಸಿಗೆ ಅದರ ಎರಡರಷ್ಟು. ಅದೂ 57 ಜನರನ್ನು ಬಲಿತೆಗೆದುಕೊಂಡ ಟೆಂಪಿ ರೈಲು ದುರಂತ ನಡೆದು ಮೂರು ತಿಂಗಳೂ ಕಳೆದಿರಲಿಲ್ಲ. ಸರ್ಕಾರದ ವಿರುದ್ಧ ಇಷ್ಟು ದೊಡ್ಡ ಆಕ್ರೋಶ ಸಿರಿಜಾದ ಕೈಗೆ ಏಕೆ ಸಿಗಲಿಲ್ಲ ಎಂದರೆ, ರೈಲು ಕಂಪನಿಯನ್ನು 2017ರಲ್ಲಿ 4.5 ಕೋಟಿ ಯೂರೋಗೆ ಇಟಲಿಯವರಿಗೆ ಮಾರಿದ್ದು ಅದರದೇ ಸರ್ಕಾರ.

ಜೂನ್‌ನ ಮರುಚುನಾವಣೆಯಲ್ಲೂ ಸೋತು ಸಿಪ್ರಾಸ್ ಪಕ್ಷದ ನಾಯಕತ್ವಕ್ಕೆ ರಾಜೀನಾಮೆ ಕೊಟ್ಟ ಮೇಲೆ ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ಯೂರೋ ಕೊಟ್ಟವರೆಲ್ಲ ಸದಸ್ಯರಾಗಿ ನಾಯಕನನ್ನು ಆರಿಸಬಹುದು ಎಂಬ ವ್ಯವಸ್ಥೆಯಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ, ಹಿಂದೆ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ದುಡಿದಿದ್ದ ಸ್ಟೆಫನೊಸ್ ಕಸ್ಸೆಲಾಕಿಸ್ ಒಂದು ತಿಂಗಳ ಪ್ರಚಾರದಲ್ಲಿ ಗೆದ್ದರು. ಹಳೆಯ ಕಾರ್ಯಕರ್ತರು 'ಹೊಸ ಎಡ'ವೆಂದು ಹೊರಟರು. ವರ್ಷ ತುಂಬುವಷ್ಟರಲ್ಲಿ ಕೇಂದ್ರ ಸಮಿತಿ ಕಸ್ಸೆಲಾಕಿಸ್ ಅವರನ್ನೇ ಕೆಳಗಿಳಿಸಿತು, ಅವರೂ ಬೇರೆ ಪಕ್ಷ ಕಟ್ಟಿದರು. 2024ರ ನವೆಂಬರಿನಲ್ಲಿ ಮುಖ್ಯ ವಿರೋಧ ಪಕ್ಷದ ಸ್ಥಾನ ಸಿರಿಜಾದಿಂದ ಪಾಸೊಕ್‌ಗೆ ಹೋಯಿತು. 2015ರ ಜನವರಿಯಲ್ಲಿ ಶೇ. 4.7ಕ್ಕೆ ಇಳಿದು, ಎಲ್ಲರೂ ಎಳ್ಳುನೀರು ಬಿಟ್ಟಿದ್ದ ಪಾಸೊಕ್‌ಗೆ.

ಸಿಪ್ರಾಸ್ ಮರಳಿ ಬರುವರೇ ಎಂದೂ ಕೇಳಿದ್ದೀರಿ. 2025ರ ಅಕ್ಟೋಬರಿನಲ್ಲಿ ಅವರು ಸಂಸತ್ ಸ್ಥಾನ ಬಿಟ್ಟರು, ಆಗ ಹೊಸ ಪಕ್ಷದ ಮಾತು ನಡೆದಿತ್ತು. ಬಂದರೆ ಅವರು ಮೊದಲು ಒಲಿಸಿಕೊಳ್ಳಬೇಕಾದದ್ದು ನಿಮ್ಮಂತೆ ಜುಲೈ ತಿಂಗಳನ್ನು ಮರೆಯದವರನ್ನಲ್ಲ, ಅವರ ಕಾಲದ ವಂತಿಗೆಯ ರಸೀದಿಯನ್ನು ಮರೆಯದ ವಕೀಲರು, ಅಂಗಡಿಯವರನ್ನು.