ಐದು ತಿಂಗಳಿಂದ ಹಜಾರದ ಚಾಪೆಯಲ್ಲಿ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮಂಡ್ಯ ಕಡೆಯ ಕಬ್ಬು ಬೆಳೆಗಾರರು, ವಯಸ್ಸು 61. ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಮೂತ್ರಚೀಲದ ಕೆಳಗಿರುವ ಆ ಗ್ರಂಥಿಯನ್ನೇ ತೆಗೆಸಿ ಐದು ತಿಂಗಳಾಗಿತ್ತು. ಮೈಸೂರಿಗೆ ನನ್ನ ಹತ್ತಿರ ಸಲಹೆಗೆ ಬಂದ ದಿನ ಗಂಡ ಹೆಂಡತಿ ಮಧ್ಯೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು.

ಮೊದಲು ಬಾಯಿಬಿಟ್ಟದ್ದು ಹೆಂಡತಿ. "ಆಪರೇಶನ್ ಆದಾಗಿಂದ ಹಜಾರದಲ್ಲೇ ಚಾಪೆ ಹಾಸ್ಕೊಂಡು ಮನಿಕತ್ತಾರೆ ಮೇಡಂ. ಪಂಚೆನೂ ಒಗೆಯಕ್ಕೆ ಕೊಡಲ್ಲ, ಬಚ್ಚಲಲ್ಲಿ ಅವ್ರೇ ಕದ್ದು ಒಗ್ಕೊತಾರೆ. ನಾನೇನ್ ತಪ್ಪು ಮಾಡ್ದೆ?" ಗಂಡ ತಲೆ ಎತ್ತಲಿಲ್ಲ. ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು.

ಆಮೇಲೆ ಅವರೊಬ್ಬರ ಜೊತೆ ಮಾತಾಡಿದೆ. ಕೆಮ್ಮಿದರೆ, ಭಾರ ಎತ್ತಿದರೆ ಉಚ್ಚೆ ಹನಿಯುತ್ತಿತ್ತು. ನಿಮಿರುವಿಕೆ ಇರಲಿಲ್ಲ. ಯಾರನ್ನೂ ಕೇಳದೆ ಮೆಡಿಕಲ್ ಸ್ಟೋರಿನಿಂದ ಸಿಲ್ಡೆನಾಫಿಲ್ ಅನ್ನೋ ನಿಮಿರುವಿಕೆಯ ಮಾತ್ರೆ ತಂದು, ಬಾಡೂಟ ಮಾಡಿ ನುಂಗಿ, ಅರ್ಧ ಗಂಟೆ ಕಾದು, ಏನೂ ಆಗದಿದ್ದಾಗ ತನ್ನ ಕತೆ ಮುಗೀತು ಅಂದುಕೊಂಡುಬಿಟ್ಟಿದ್ದರು. ಹೆಂಡತಿಗೂ ಕ್ಯಾನ್ಸರ್ ಅಂಟಿದರೆ ಅನ್ನೋ ಭಯ ಬೇರೆ. ಇದನ್ನೆಲ್ಲ ಹೆಂಡತಿಯ ಮುಂದೆ ಹೇಳಬಹುದಾ ಅಂತ ಕೇಳಿದೆ. ತುಂಬ ಹೊತ್ತು ಸುಮ್ನಿದ್ದು, "ನೀವೇ ಹೇಳ್ಬುಡಿ" ಅಂದರು.

ಹೇಳಿದೆ. ಕ್ಯಾನ್ಸರ್ ಮುಟ್ಟಿದರೆ, ಕೂಡಿದರೆ ಅಂಟುವುದಿಲ್ಲ. ನಿಮಿರುವಿಕೆಯ ನರಗಳು ಪ್ರಾಸ್ಟೇಟ್ ಪಕ್ಕದಲ್ಲೇ ಹಾದುಹೋಗುತ್ತವೆ, ಡಾಕ್ಟರು ಅವನ್ನು ಉಳಿಸಿದ್ದರೂ ಪೆಟ್ಟು ಬಿದ್ದಿರುತ್ತೆ, ಚೇತರಿಸಿಕೊಳ್ಳೋಕೆ 18ರಿಂದ 24 ತಿಂಗಳೂ ಹಿಡಿಯಬಹುದು. ಐದು ತಿಂಗಳಿಗೇ ಕೈಚೆಲ್ಲೋದು ಯಾಕೆ? ವೀರ್ಯ ಬರುವುದಿಲ್ಲ, ಆದರೆ ನಿಮಿರದಿದ್ದರೂ ಸುಖದ ತುದಿ ಮುಟ್ಟಬಹುದು. ಆಗ ಒಂದೆರಡು ಹನಿ ಉಚ್ಚೆ ಬಂದರೆ ಗಾಬರಿ ಬೇಡ, ಮುಂಚೆ ಮೂತ್ರಕ್ಕೆ ಹೋಗಿಬನ್ನಿ, ಪಕ್ಕದಲ್ಲೊಂದು ಟವೆಲ್ ಇರಲಿ. ಈ ಮಾತುಗಳನ್ನು ಆಪರೇಶನ್‌ಗೆ ಮುಂಚೆಯೇ ಇಬ್ಬರನ್ನೂ ಕೂರಿಸಿ ಹೇಳಬೇಕು, ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಮಾತ್ರೆ ವಿಷಯಕ್ಕೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಸಿಲ್ಡೆನಾಫಿಲ್ ಅನ್ನು ಜಿಡ್ಡಿನ ಊಟದ ಮೇಲೆ ತಗೊಂಡರೆ ಕೆಲಸ ತಡವಾಗುತ್ತೆ, ಆಸೆ ಇಲ್ಲದೆ, ಮುಟ್ಟದೆ ಸುಮ್ನೆ ಕಾದು ಕೂತರೆ ಕೆಲಸವೇ ಮಾಡಲ್ಲ. ಎದೆನೋವಿಗೆ ಸಾರ್ಬಿಟ್ರೇಟ್ ಥರದ ಮಾತ್ರೆ ತಗೊಳ್ಳುವವರು ಇದನ್ನು ಮುಟ್ಟಲೇಬಾರದು, ಬಿಪಿ ಇಳಿದು ಜೀವಕ್ಕೇ ಅಪಾಯ. ಅದಕ್ಕೇ ಮೂತ್ರರೋಗ ತಜ್ಞರ ಹತ್ತಿರ ಮತ್ತೆ ಕಳಿಸಿದೆ. ಮಾತ್ರೆ ಹಿಡಿಸದಿದ್ದರೆ ಗಾಳಿ ಎಳೆಯುವ ಪಂಪು ಇದೆ, ಇಂಜೆಕ್ಷನ್ ಇದೆ. ಉಚ್ಚೆ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ದಿನಕ್ಕೆ ಮೂರು ಸಲ ಮಾಡಲು ಹೇಳಿಕೊಟ್ಟೆ.

ಆದರೆ ನಾನು ಕೊಟ್ಟ ಮೊದಲ ಕೆಲಸ ಇದ್ಯಾವುದೂ ಅಲ್ಲ. ಒಂದು ತಿಂಗಳು ಕೂಡುವ ಪ್ರಯತ್ನವೇ ಬೇಡ, ಒಂದೇ ಮಂಚದಲ್ಲಿ ಮಲಗಿ, ಕೈ ಹಿಡಿದುಕೊಳ್ಳಿ, ಬೆನ್ನಿಗೆ ಎಣ್ಣೆ ಹಚ್ಚಿ, ಅಷ್ಟೇ. ನಿಮಿರುವವರೆಗೂ ಮುಟ್ಟಲ್ಲ ಅಂತ ದೂರ ಉಳಿದರೆ, ಮುಟ್ಟೋದೇ ಮರೆತುಹೋಗುತ್ತೆ ಅಲ್ವಾ?

ಆರು ವಾರ ಬಿಟ್ಟು ಬಂದರು. ನಿಮಿರುವಿಕೆ ಇನ್ನೂ ಅರೆಬರೆ. ಹನಿಯೋದು ಕಮ್ಮಿಯಾಗಿದೆ, ಪಂಚೆ ಈಗ ಎಲ್ಲರ ಬಟ್ಟೆ ಜೊತೆಗೇ ಒಗೆಯಲು ಬೀಳುತ್ತಂತೆ. ಅವರು ಏನೋ ಕೇಳೋಕೆ ತಡವರಿಸುತ್ತಿದ್ದಾಗ ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯೇ ಕೇಳಿದರು, "ಆ ಪಂಪು ಅಂದ್ರಲ್ಲ ಮೇಡಂ, ಅದು ಹೆಂಗೆ?"