ಒಂದೇ ಮಂಚ, ಎರಡು ಬೆನ್ನು

ಪ್ರಶ್ನೆ: ಅಕ್ಕಾ, ನಮ್ಮದು ಮಾದಾಪುರದ ಹತ್ತಿರ ತೋಟದ ಮನೆ. ಹಳೆಯ ನಾರಿನ ಹಾಸಿಗೆ ನಡುವೆ ಗುಂಡಿ ಬಿದ್ದಿದೆ, ರಾತ್ರಿಯೆಲ್ಲ ಇಬ್ಬರೂ ಜಾರಿ ಜಾರಿ ಮಧ್ಯಕ್ಕೇ ಬರುತ್ತೇವೆ. ಮಳೆಗಾಲ ಮುಗಿದ ಮೇಲೆ ಎತ್ತಿ ನೋಡಿದರೆ ಅಡಿಯಲ್ಲಿ ಬೂಷ್ಟು. ಇವರು 90 ಕೆಜಿ, ನಾನು 52. ಇವರಿಗೆ ಬೆನ್ನುನೋವು, ಹಲಗೆಯಂಥ ಗಟ್ಟಿ ಹಾಸಿಗೆಯೇ ಬೇಕಂತೆ. ನಾನು ಮಗ್ಗುಲಾಗಿ ಮಲಗುವವಳು, ಗಟ್ಟಿಯಾದರೆ ಭುಜ ನೋಯುತ್ತದೆ. ಇವರು ಹೊರಳಿದರೆ ಸಾಕು, ನನಗೆ ಎಚ್ಚರ. ಅಂಗಡಿಯವರು ಎಲ್ಲದಕ್ಕೂ ಮೆಮೊರಿ ಫೋಮ್ ಒಂದೇ ಮದ್ದು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಂಗಡಿಯವರ ಮದ್ದು ಸ್ವಲ್ಪ ಪಕ್ಕಕ್ಕಿರಲಿ. ನೀವಿಬ್ಬರೂ ಹೇಳುತ್ತಿರುವುದು ಸರಿಯೇ. ಭಾರ ಇದ್ದವರು ಹಾಸಿಗೆಯಲ್ಲಿ ಆಳಕ್ಕೆ ಇಳಿಯುತ್ತಾರೆ, ಹಗುರ ಇದ್ದವರು ಮೇಲೇ ನಿಲ್ಲುತ್ತಾರೆ, ಹಾಗಾಗಿ ಅದೇ ಹಾಸಿಗೆ ಅವರಿಗೆ ಮೆತ್ತಗೆ, ನಿಮಗೆ ಗಟ್ಟಿ. ಇಬ್ಬರಿಗೂ ನಡುವಿನದು ಅಂತ ಒಂದನ್ನು ತಂದರೆ ಇಬ್ಬರಿಗೂ ಅರ್ಧರ್ಧ ಬೇಜಾರು.

ನನ್ನನ್ನು ಕೇಳಿದರೆ ಒಂದು ದೊಡ್ಡದರ ಬದಲು ಎರಡು ಸಿಂಗಲ್ ತಗೊಳ್ಳಿ. ಕಿಂಗ್ ಸೈಜ್ ಅಂದರೆ ಸಾಮಾನ್ಯವಾಗಿ 78 ಇಂಚು ಉದ್ದ, 72 ಇಂಚು ಅಗಲ. 36 ಇಂಚು ಅಗಲದ ಎರಡು ಸಿಂಗಲ್ ಪಕ್ಕಪಕ್ಕ ಇಟ್ಟರೆ ಲೆಕ್ಕ ಸರಿಹೋಯಿತು. ಅವರ ಕಡೆ ಗಟ್ಟಿ, ನಿಮ್ಮ ಕಡೆ ಮೆತ್ತಗೆ. ದಪ್ಪ ಮಾತ್ರ ಎರಡಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ ನಡುವೆ ಮೆಟ್ಟಿಲು ಇಟ್ಟ ಹಾಗಾಗುತ್ತದೆ. ಮೇಲೆ ಇಡೀ ಮಂಚಕ್ಕೆ ಒಂದೇ ಟಾಪರ್, ಅಂದರೆ ತೆಳ್ಳನೆಯ ಮೇಲುಹಾಸಿಗೆ ಹಾಸಿ, ಬೆಡ್‌ಶೀಟ್ ಹೊದಿಸಿದರೆ ನಡುವಿನ ಸಂದು ಅಷ್ಟಾಗಿ ತಿಳಿಯುವುದಿಲ್ಲ. ಅವರು ಹೊರಳಿದ ಅಲುಗಾಟ ನಿಮ್ಮ ಕಡೆಗೆ ಬರುವುದೂ ತೀರಾ ಕಡಿಮೆಯಾಗುತ್ತದೆ. ಮಂಚವೇ ಅಲುಗುತ್ತಿದ್ದರೆ ಮಾತ್ರ ಮೊದಲು ಬಡಗಿಯನ್ನು ಕರೆಸಿ. 'ಗಂಡ ಹೆಂಡತಿ ಹಾಸಿಗೆ ಬೇರೆ ಮಾಡಿಕೊಂಡರಂತೆ' ಅಂತ ನೆಂಟರು ಆಡಿಕೊಂಡರೆ ಆಡಿಕೊಳ್ಳಲಿ, ನಿದ್ದೆ ಕೆಡುವುದು ಅವರದ್ದಲ್ಲ ಅಲ್ವಾ?

ಹಲಗೆಯಂಥ ಗಟ್ಟಿ ಬೆನ್ನಿಗೆ ಒಳ್ಳೆಯದು ಅನ್ನುವುದು ನಮ್ಮಲ್ಲಿ ಬಹಳ ಹಳೆಯ ನಂಬಿಕೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂದಿತ್ತು. ಬಹಳ ಕಾಲದಿಂದ ಸೊಂಟನೋವು ಇದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ನೋವು ಜಾಸ್ತಿ ಕಡಿಮೆಯಾಗಿದ್ದು ಮಧ್ಯಮದವರಿಗೆ. ಇದನ್ನು ನಿಮ್ಮವರಿಗೆ ಓದಿ ಹೇಳಿ. ಅವರ ಭಾರಕ್ಕೆ ಕುಸಿಯದಂಥದ್ದು ಬೇಕು, ಹಲಗೆ ಬೇಡ. ಹಾಗೇ 'ಆರ್ಥೋ' ಅಂತ ಬರೆದಿದ್ದನ್ನು ನೋಡಿ ಮರುಳಾಗಬೇಡಿ. ಆ ಚೀಟಿಯನ್ನು ಅಂಟಿಸುವುದು ಕಂಪನಿ, ಡಾಕ್ಟರಲ್ಲ. ಕಾಲಿಗೆ ಜೋಮು ಹಿಡಿಯುವುದು, ನೋವು ಕಾಲಿನವರೆಗೆ ಇಳಿಯುವುದು ಇದ್ದರೆ ಹಾಸಿಗೆ ಆಮೇಲೆ, ಮೊದಲು ಡಾಕ್ಟರ್.

ಈಗ ಬೂಷ್ಟಿನ ವಿಷಯ. ಬೆಂಗಳೂರಿನಲ್ಲಿ ಕೂತು ಹಾಸಿಗೆ ಬಗ್ಗೆ ಬರೆಯುವವರು ಇದನ್ನು ಹೇಳುವುದೇ ಇಲ್ಲ, ಆದರೆ ನಮ್ಮ ಕೊಡಗಿನಲ್ಲಿ ಹಾಸಿಗೆ ಕೆಡುವುದಕ್ಕೆ ಮಲಗುವವರಷ್ಟೇ ಕಾರಣ ಮಳೆಯೂ ಹೌದು. ಮೈಯ ಬೆವರಿನ ಪಸೆ ರಾತ್ರಿಯೆಲ್ಲ ಕೆಳಕ್ಕೆ ಇಳಿಯುತ್ತದೆ, ಅಡಿಯ ತಣ್ಣನೆಯ ಪ್ಲೈವುಡ್ಡಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಕಕ್ಕಡದ ಜಡಿಮಳೆಯ ತಿಂಗಳಲ್ಲಿ ಗಾಳಿಯೂ ಒದ್ದೆ ಇರುವಾಗ ಅದು ಆರುವುದಾದರೂ ಹೇಗೆ? ಹಾಗಾಗಿ ಹಾಸಿಗೆ ಕೊಳ್ಳುವ ಮೊದಲು ಮಂಚದ ಅಡಿ ನೋಡಿ. ಪೂರ್ತಿ ಪ್ಲೈವುಡ್ ಇದ್ದರೆ ತೆಗೆಸಿ ಮರದ ಪಟ್ಟಿ ಹೊಡೆಸಿ, ಪಟ್ಟಿ ಪಟ್ಟಿಯ ನಡುವೆ ಎರಡು ಮೂರು ಇಂಚು ಬಿಟ್ಟರೆ ಸಾಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಫೋಮ್ ಸಂದಿಯೊಳಕ್ಕೆ ಇಳಿಯುತ್ತದೆ. ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚವಾದರೆ ಪ್ಲೈವುಡ್ಡಿಗೆ ಅಲ್ಲಲ್ಲಿ ತೂತು ಕೊರೆಸಿ, ಕಂಬಳಿಗಳನ್ನು ಒತ್ತಿ ತುಂಬಬೇಡಿ. ಇನ್ನೊಂದು ಮಾತು. ಹೊಸ ಹಾಸಿಗೆಯ ಪ್ಲಾಸ್ಟಿಕ್ ಕವರ್ ತೆಗೆಯದೆ ಅದರ ಮೇಲೇ ಬೆಡ್‌ಶೀಟ್ ಹಾಸಿ ವರ್ಷಗಟ್ಟಲೆ ಮಲಗುವವರಿದ್ದಾರೆ. ಹೊಸದಾಗಿ ಇರಲಿ ಅಂತ. ಒಳಗೆ ಅದು ಬೇಗ ಕೊಳೆಯುತ್ತದೆ ಅಷ್ಟೇ.

ಒಳಗೆ ಏನು ಇರಬೇಕು? ಮೆಮೊರಿ ಫೋಮ್ ಮೈಯ ಬಿಸಿಗೆ ಮೆತ್ತಗಾಗುವ ವಸ್ತು. ಡಿಸೆಂಬರಿನ ಚಳಿಯಲ್ಲಿ ಮಲಗಿದ ಕೂಡಲೇ ಅದು ಗಟ್ಟಿಯಾಗಿರುತ್ತದೆ, ಮೇಲೆ ಒಂದೆರಡು ಇಂಚು ಇದ್ದರೆ ತೊಂದರೆ ಇಲ್ಲ, ಅದೇ ಎಲ್ಲವೂ ಆಗಿದ್ದರೆ ನಮ್ಮ ಕಡೆಗೆ ಹೊಂದುವುದಿಲ್ಲ. ನಿಮ್ಮವರಿಗೆ ಪಾಕೆಟ್ ಸ್ಪ್ರಿಂಗ್ ಅಥವಾ ಲೇಟೆಕ್ಸ್ ನೋಡಿ. ಪಾಕೆಟ್ ಸ್ಪ್ರಿಂಗಿನಲ್ಲಿ ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆಚೀಲದಲ್ಲಿ ಇರುತ್ತದೆ, ಒಳಗೆ ಗಾಳಿ ಆಡುತ್ತದೆ. ಬೊನೆಲ್ ಸ್ಪ್ರಿಂಗ್ ಅಗ್ಗ, ಆದರೆ ಎಲ್ಲ ಒಂದಕ್ಕೊಂದು ತಂತಿಯಿಂದ ಬಿಗಿದಿರುತ್ತವೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಕುಲುಕುತ್ತದೆ. ಲೇಟೆಕ್ಸ್ ರಬ್ಬರ್ ಹಾಲಿನಿಂದ ಆಗುವುದು, ಬಾಳಿಕೆ ಚೆನ್ನಾಗಿದೆ. ಬೆಲೆಯೂ ಜಾಸ್ತಿ, ಎತ್ತಲು ಭಾರ. ನಿಮಗೆ ಒಳ್ಳೆಯ ಡೆನ್ಸಿಟಿಯ ಸಾದಾ ಫೋಮ್ ಸಾಕು. ಡೆನ್ಸಿಟಿ 40 ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ ಎಂದರ್ಥ. ಅಂಗಡಿಯವರು ಆ ಸಂಖ್ಯೆ ಹೇಳದೆ ಸುಮ್ನೆ 'ಹೈ ಡೆನ್ಸಿಟಿ' ಅಂದರೆ ಬಿಲ್ಲಿನ ಮೇಲೆ ಬರೆದುಕೊಡಿ ಅನ್ನಿ.

ಇಬ್ಬರೂ ಹೋಗಿ. ಅಂಗೈಯಲ್ಲಿ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೇ ಹತ್ತು ನಿಮಿಷ ಮಲಗಿ, ನಾಚಿಕೆ ಬೇಡ. ಆನ್‌ಲೈನ್‌ನಲ್ಲಿ ತರಿಸುವುದಾದರೆ 100 ದಿನ ನೋಡಿ ವಾಪಸ್ ಕೊಡಬಹುದು ಅನ್ನುವ ಮಾತು ನಿಮ್ಮ ಪಿನ್‌ಕೋಡಿಗೂ ಇದೆಯಾ ಅಂತ ಮೊದಲೇ ಕೇಳಿ. ತೋಟದ ಗೇಟಿನವರೆಗೆ ತಂದುಕೊಟ್ಟವರು ವಾಪಸ್ ಒಯ್ಯಲೂ ಬರುತ್ತಾರೆ ಅಂತ ನಂಬಿ ಕೂರಬೇಡಿ. ಸುರುಳಿ ಸುತ್ತಿ ಬರುವ ಫೋಮ್ ಹಾಸಿಗೆಗೆ ಬಿಚ್ಚಿದ ಮೇಲೆ ವಾಸನೆ ಹೋಗಲು ಕಿಟಕಿ ತೆರೆದ ಕೋಣೆ ಬೇಕು. ಆದ್ದರಿಂದ ಮಳೆಗಾಲದಲ್ಲಿ ತರಿಸಬೇಡಿ, ಫೆಬ್ರವರಿ ಮಾರ್ಚ್ ಒಳ್ಳೆಯದು.

ಪ್ರಶ್ನೆ: ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಅಜ್ಜನ ಕಾಲದ ಬೀಟೆ ಮಂಚಕ್ಕೆ ರೆಡಿಮೇಡ್ ಹಾಸಿಗೆ ಯಾವುದೂ ಕೂರುತ್ತಿಲ್ಲ. ಮಂಚ ಮಾರಿಬಿಡೋಣ ಅನ್ನುತ್ತಾನೆ ಮಗ.

ಉತ್ತರ: ಮಾರಬೇಡಿ! ಅಳತೆ ಕೊಟ್ಟರೆ ಕತ್ತರಿಸಿ ಮಾಡಿಕೊಡುವವರಿದ್ದಾರೆ, ಫೋಮ್ ಮತ್ತು ಲೇಟೆಕ್ಸಿಗೆ ಅದು ಸುಲಭ, ಸ್ಪ್ರಿಂಗಿಗೆ ಕಷ್ಟ. ಮಂಚದ ಹೊರಗಿನದ್ದಲ್ಲ, ಚೌಕಟ್ಟಿನ ಒಳಗಿನ ಅಳತೆ ಕೊಡಿ. ಹಳೆಯ ಮಂಚಗಳು ತಲೆಯ ಕಡೆ ಒಂದು ಅಳತೆ, ಕಾಲ ಕಡೆ ಇನ್ನೊಂದು ಇರುವುದುಂಟು, ಎರಡೂ ಕಡೆ ಟೇಪ್ ಹಿಡಿಯಿರಿ. ಅಳತೆ ಕೊಟ್ಟು ಮಾಡಿಸಿದ್ದನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ.

ಪ್ರಶ್ನೆ: ಏಳು ತಿಂಗಳ ಮಗು ನಮ್ಮಿಬ್ಬರ ನಡುವೆ ಮಲಗುತ್ತದೆ. ಮಗುವಿಗೂ ಹಿತವಾಗಲಿ ಅಂತ ಮೆತ್ತನೆಯ ಹಾಸಿಗೆ ತಗೊಳ್ಳಬಹುದಾ? – ಕುಶಾಲನಗರ

ಉತ್ತರ: ಬೇಡ. ಪುಟ್ಟ ಮಗುವಿಗೆ ಮೆತ್ತನೆಯ ಹಾಸಿಗೆ ಅಪಾಯ, ಕವುಚಿ ಬಿದ್ದಾಗ ಮುಖ ಹೂತು ಉಸಿರು ಕಟ್ಟಬಹುದು. ಒಂದು ವರ್ಷದವರೆಗೆ ಅದಕ್ಕೆ ಸಮತಟ್ಟಾದ ಗಟ್ಟಿ ಜಾಗವೇ ಬೇಕು, ನಿಮ್ಮ ಕೋಣೆಯಲ್ಲೇ, ಆದರೆ ಬೇರೆ ತೊಟ್ಟಿಲಲ್ಲಿ. ದಿಂಬು, ದಪ್ಪ ರಜಾಯಿ ಹತ್ತಿರ ಇಡಬೇಡಿ, ಚಳಿಗೆ ಬಟ್ಟೆ ತೊಡಿಸಿ. ಮೇಲೆ ಮಾದಾಪುರದವರಿಗೆ ಹೇಳಿದ ಎರಡು ಹಾಸಿಗೆಯ ಉಪಾಯವನ್ನು ನೀವು ಸದ್ಯಕ್ಕೆ ಮಾಡಲೇಬೇಡಿ, ನಡುವಿನ ಸಂದಿಗೆ ಮಗು ಜಾರಬಹುದು.